ಮಗುವಿನ ತಲೆ ಎತ್ತ ತಿರುಗಿದೆ? ಬೆರಳಿನಿಂದ ಸ್ಕ್ಯಾನ್‌ವರೆಗೆ

ಹೆರಿಗೆ ನೋವು ಶುರುವಾಗಿ ಎಷ್ಟೋ ಹೊತ್ತಾಗಿದೆ, ಮಗು ಕೆಳಗಿಳಿಯುತ್ತಿಲ್ಲ. ಆಗ ಬೇಕಾಗುವ ಮೊದಲ ಸುಳಿವು, ತಲೆ ಎತ್ತ ತಿರುಗಿದೆ ಅನ್ನೋದು. ಮಗುವಿನ ಮುಖ ತಾಯಿಯ ಬೆನ್ನಿನ ಕಡೆಗಿದ್ದರೆ ಸಲೀಸು. ಹೊಟ್ಟೆಯ ಕಡೆಗಿದ್ದರೆ ಕಷ್ಟ. ಬಹಳಷ್ಟು ಮಕ್ಕಳು ದಾರಿಯಲ್ಲೇ ತಿರುಗಿಕೊಳ್ಳುತ್ತವೆ. ಕೊನೆವರೆಗೂ ಹಾಗೇ ಉಳಿಯುವುದು ಒಟ್ಟು ಹೆರಿಗೆಗಳಲ್ಲಿ ನೂರಕ್ಕೆ ಐದರಷ್ಟು.

ಸೂಲಗಿತ್ತಿಯರು ಹೊಟ್ಟೆ ಸವರಿ ಹೇಳುತ್ತಿದ್ದರು. ಡಾಕ್ಟರುಗಳು ಒಳಗೆ ಬೆರಳಿಟ್ಟು ನೆತ್ತಿಯ ಮೆತ್ತನೆ ಜಾಗ, ಬುರುಡೆಯ ಕೂಡುಗೆರೆ ಹುಡುಕಿದರು. 1958ರಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡ್ ಸ್ಕ್ಯಾನ್ ಚಿತ್ರಗಳನ್ನು ಪ್ರಕಟಿಸಿದರು. ಮುಂದಿನ ನಲವತ್ತು ವರ್ಷ ಆ ಯಂತ್ರ ಬಸಿರಿನ ತಿಂಗಳುಗಳನ್ನೆಲ್ಲ ನೋಡಿತು. ಹೆರಿಗೆ ಕೋಣೆಯೊಳಗೆ ಕಾಲಿಟ್ಟದ್ದು ಅಪರೂಪ.

2002ರಲ್ಲಿ ಲಂಡನ್ನಿನ ತಂಡವೊಂದು ನೋವಿನಲ್ಲಿದ್ದ 496 ಮಹಿಳೆಯರಲ್ಲಿ ಬೆರಳನ್ನೂ ಸ್ಕ್ಯಾನನ್ನೂ ಹೋಲಿಸಿ ನೋಡಿತು. ಮೂವರಲ್ಲಿ ಒಬ್ಬರ ವಿಷಯದಲ್ಲಿ ಬೆರಳಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಯಿತು ಅಂದಲ್ಲೂ ಸ್ಕ್ಯಾನಿಗೆ ತಾಳೆಯಾದದ್ದು ಅರ್ಧದಷ್ಟೇ! ಕೈ ಪಳಗಿದ್ದರೂ ಈ ತೊಂದರೆ ಪೂರ್ತಿ ತಪ್ಪದು. ಒತ್ತಡಕ್ಕೆ ಸಿಕ್ಕ ನೆತ್ತಿ ಊದಿಕೊಳ್ಳುತ್ತದೆ. ಬುರುಡೆಯ ಎಲುಬುಗಳು ಒಂದರ ಮೇಲೊಂದು ಏರುತ್ತವೆ. ಹುಡುಕುತ್ತಿದ್ದ ಗೆರೆಗಳೇ ಮುಚ್ಚಿಹೋಗುತ್ತವೆ. ಸುಳಿವು ಜಾಸ್ತಿ ಬೇಕಾದ ಹೊತ್ತಿಗೇ ಅದು ಸಿಗುವುದಿಲ್ಲ. ಸ್ಕ್ಯಾನಿಗೆ ಈ ತಾಪತ್ರಯ ಇಲ್ಲ. ಕಿಬ್ಬೊಟ್ಟೆಯ ಮೇಲೆ ಅಡ್ಡ ಹಿಡಿದಾಗ ಮಗುವಿನ ಕಣ್ಣುಗುಳಿ ಎದುರಿಗೇ ಕಂಡರೆ, ಮುಖ ಮುಂದಕ್ಕಿದೆ ಎಂದೇ ಅರ್ಥ.

ಹಾಗಾದರೆ ಎಲ್ಲರಿಗೂ ಸ್ಕ್ಯಾನ್ ಮಾಡಿಬಿಡಬಹುದಲ್ವಾ? ಗಂಟು ಬಿದ್ದದ್ದು ಇಲ್ಲೇ. 2014ರಲ್ಲಿ ಐರ್ಲೆಂಡಿನಲ್ಲಿ 514 ಚೊಚ್ಚಲ ತಾಯಂದಿರ ಅಧ್ಯಯನ ಬಂತು. ಮಗುವಿನ ತಲೆ ಹಿಡಿದೆಳೆಯುವ ಫೋರ್ಸೆಪ್ಸ್ (ಇಕ್ಕಳ), ವ್ಯಾಕ್ಯೂಮ್ (ಹೀರುಬಟ್ಟಲು) ಹಾಕುವ ಮೊದಲು ಸ್ಕ್ಯಾನ್ ಮಾಡಿದಾಗ ತಪ್ಪು ಅಂದಾಜು ಶೇ 20.2ರಿಂದ 1.6ಕ್ಕೆ ಇಳಿಯಿತು. ಆದರೆ ತಾಯಿ-ಮಗುವಿಗಾಗುವ ತೊಂದರೆಗಳ ಲೆಕ್ಕ ಹೆಚ್ಚೇನೂ ಕದಲಲಿಲ್ಲ. ಮರುವರ್ಷ ಫ್ರಾನ್ಸಿನ ಅಧ್ಯಯನದಲ್ಲಿ ಬೆರಳಿನ ಜೊತೆ ಸ್ಕ್ಯಾನೂ ಆದವರಲ್ಲಿ ಸಿಸೇರಿಯನ್ ಶೇ 7.8, ಬರೀ ಬೆರಳಿನಲ್ಲಿ ನೋಡಿದವರಲ್ಲಿ 4.9. ತಲೆ ತಿರುಗಿಲ್ಲ ಅಂತ ಬೇಗ ಗೊತ್ತಾದರೆ ಕಾಯುವ ತಾಳ್ಮೆಯೂ ಬೇಗ ಮುಗಿಯುತ್ತದೇನೋ. ಇನ್ನೊಂದು ತಾಸು ಬಿಟ್ಟಿದ್ದರೆ ತಾನೇ ತಿರುಗುತ್ತಿದ್ದ ಮಕ್ಕಳೂ ಅದರಲ್ಲಿ ಇದ್ದಿರಬಹುದು.

2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಡುವಿನ ದಾರಿ ಹಿಡಿಯಿತು: ಹೆರಿಗೆ ನಿಧಾನವಾದಾಗ, ಇಲ್ಲವೇ ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಹಾಕುವ ಮುನ್ನ ಸ್ಕ್ಯಾನ್ ಮಾಡಿ ನೋಡಿ.

ನಮ್ಮಲ್ಲಿ ಇನ್ನೊಂದು ಎಳೆಯೂ ಸೇರಿಕೊಂಡಿದೆ. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ 1994ರ ಕಾಯ್ದೆಯ ಪ್ರಕಾರ ಯಂತ್ರ ನೋಂದಣಿಯಾಗಬೇಕು, ಅರ್ಹ ವೈದ್ಯರೇ ಸ್ಕ್ಯಾನ್ ಮಾಡಬೇಕು, ಸ್ಕ್ಯಾನ್ ಆದ ಪ್ರತಿ ಗರ್ಭಿಣಿಗೂ ಫಾರ್ಮ್ ಎಫ್ ಎಂಬ ದಾಖಲೆ ತುಂಬಬೇಕು. ಆ ಕಾಯ್ದೆ ಬೇಕೇ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಲೇಬರ್ ವಾರ್ಡಿನಲ್ಲಿ ಒಬ್ಬರೇ ಇರುವ ನರ್ಸ್ ಆ ಯಂತ್ರ ಮುಟ್ಟುವಂತಿಲ್ಲ. ಅವರು ಗ್ಲೌಸ್ ಹಾಕಿಕೊಂಡು ಬೆರಳಲ್ಲೇ ನೋಡುತ್ತಾರೆ.