ದಂತ ಸಹಾಯಕರ ತರಬೇತಿ: ಸೋಂಕು ನಿಯಂತ್ರಣ, ಹಲ್ಲಿನ ಸಂಖ್ಯೆ, ಕುರ್ಚಿಯ ಪಕ್ಕದ ಕೆಲಸ

ಮೈಸೂರಿನಲ್ಲಿ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ವೈದ್ಯಕೀಯ ಕಾಲೇಜುಗಳಂಥ ದೊಡ್ಡ ಸಂಸ್ಥೆಗಳೂ ಇವೆ, ಒಂದೇ ಕುರ್ಚಿಯ ಸಣ್ಣ ಕ್ಲಿನಿಕ್‌ಗಳೂ ಇವೆ. ದೊಡ್ಡ ಆಸ್ಪತ್ರೆಯಲ್ಲಿ ಉಪಕರಣ ತೊಳೆಯುವವರು, ಎಕ್ಸ್‌ರೇ ನೋಡಿಕೊಳ್ಳುವವರು, ಚೀಟಿ ಬರೆಯುವವರು ಬೇರೆ ಬೇರೆಯಾಗಿರುತ್ತಾರೆ. ಮೈಸೂರಿನ ಬಡಾವಣೆಯದೋ ಮಂಡ್ಯದ ಪೇಟೆಬೀದಿಯದೋ ಆದ ಸಣ್ಣ ಕ್ಲಿನಿಕ್‌ನಲ್ಲಿ ಇವೆಲ್ಲವೂ ಒಬ್ಬರೇ ಸಹಾಯಕರ ಪಾಲಿಗೆ ಬರುತ್ತವೆ. ಆ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ಪಠ್ಯದಲ್ಲಿ ವಿಷಯಗಳು ಹಲವಿದ್ದರೂ ಹೆಚ್ಚಿನ ನಿಯಮಗಳು ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ: ರೋಗಿಯ ಎಂಜಲು ಮತ್ತು ರಕ್ತ ತಾಗಿದ ವಸ್ತು ಮುಂದೆ ಯಾವುದನ್ನು ಮುಟ್ಟಲಿದೆ?

ಮೊದಲು ಅಧಿಕಾರದ ಮಿತಿಯನ್ನು ತಿಳಿದಿರಬೇಕು. 1948ರ ದಂತವೈದ್ಯರ ಕಾಯ್ದೆಯು ದಂತವೈದ್ಯರು, ಹಲ್ಲು ಶುಚಿಗೊಳಿಸುವ ಡೆಂಟಲ್ ಹೈಜೀನಿಸ್ಟ್‌ಗಳು ಮತ್ತು ಕೃತಕ ಹಲ್ಲು ತಯಾರಿಸುವ ಡೆಂಟಲ್ ಮೆಕ್ಯಾನಿಕ್‌ಗಳ ನೋಂದಣಿಗೆ ಅವಕಾಶ ಮಾಡಿತು. ಸಹಾಯಕರು ಆ ಮೂರರಲ್ಲಿ ಸೇರಿಲ್ಲ. ಆದ್ದರಿಂದ ಹಲ್ಲಿನ ಪಾಚಿ ತೆಗೆಯುವುದಾಗಲಿ, ಅರಿವಳಿಕೆ ಚುಚ್ಚುಮದ್ದು ಕೊಡುವುದಾಗಲಿ ನಮ್ಮ ಕೆಲಸವಲ್ಲ. ಕ್ಲಿನಿಕ್‌ನಲ್ಲಿ ಎಷ್ಟೇ ಜನಸಂದಣಿಯಿದ್ದರೂ ಈ ಗೆರೆಯನ್ನು ದಾಟಬಾರದು.

ಸೋಂಕು ನಿಯಂತ್ರಣದಲ್ಲಿ, ಉಪಕರಣ ದೇಹದ ಯಾವ ಭಾಗಕ್ಕೆ ತಾಗುತ್ತದೆ ಎಂಬುದರ ಮೇಲೆ ವಿಂಗಡಿಸುವ ಸ್ಪಾಲ್ಡಿಂಗ್ ವರ್ಗೀಕರಣವೇ ತಳಹದಿ. ಮೂಳೆ ಅಥವಾ ಮೃದು ಅಂಗಾಂಶವನ್ನು ಭೇದಿಸುವ ಫೋರ್ಸೆಪ್ಸ್ (ಹಲ್ಲು ಕೀಳುವ ಇಕ್ಕಳ), ಎಲಿವೇಟರ್ (ಹಲ್ಲು ಸಡಿಲಿಸುವ ಮೀಟುಗೋಲು), ಸ್ಕೇಲರ್ (ಪಾಚಿ ಕೆರೆಯುವ ಸಾಧನ)ಗಳು ‘ಕ್ರಿಟಿಕಲ್’; ಬಾಯಿಯ ಒಳಪದರವನ್ನು ತಾಗುವ ಬಾಯಿಕನ್ನಡಿ, ಅಚ್ಚು ತೆಗೆಯುವ ಟ್ರೇಗಳು ‘ಸೆಮಿ ಕ್ರಿಟಿಕಲ್’; ಚರ್ಮಕ್ಕಷ್ಟೇ ತಾಗುವ ಬಿಪಿ ಪಟ್ಟಿಯಂಥವು ‘ನಾನ್ ಕ್ರಿಟಿಕಲ್’. ಇಲ್ಲಿ ಪರೀಕ್ಷಕರು ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಬಗ್ಗೆ ಕೇಳಲು ಇಷ್ಟಪಡುತ್ತಾರೆ. ಅದು ಎರಡನೆಯ ವರ್ಗಕ್ಕೆ ಸೇರಿದರೂ ಒರೆಸಿ ಇಟ್ಟರೆ ಸಾಲದು, ಪ್ರತಿ ರೋಗಿಯ ನಂತರವೂ ಆಟೋಕ್ಲೇವ್ ಮಾಡಲೇಬೇಕು, ಅಂದರೆ ಒತ್ತಡದ ಹಬೆಯ ಯಂತ್ರದಲ್ಲಿಟ್ಟು ಜೀವಾಣುಗಳನ್ನು ಕೊಲ್ಲಬೇಕು. ಹ್ಯಾಂಡ್‌ಪೀಸ್ ನಿಲ್ಲುವ ಕ್ಷಣದಲ್ಲಿ ಬಾಯಿಯ ದ್ರವ ಅದರೊಳಕ್ಕೆ ಹಿಂದಕ್ಕೆ ಎಳೆದುಕೊಳ್ಳಬಹುದಾದ್ದರಿಂದ ಹೊರಮೈ ಒರೆಸಿದ ಮಾತ್ರಕ್ಕೆ ಒಳಭಾಗ ಶುದ್ಧವಾಗುವುದಿಲ್ಲ. ಇದೇ ಕಾರಣಕ್ಕೆ ರೋಗಿ ಎದ್ದ ಮೇಲೆ, ಹ್ಯಾಂಡ್‌ಪೀಸನ್ನು ಬಿಚ್ಚುವ ಮೊದಲು, 20ರಿಂದ 30 ಸೆಕೆಂಡು ನೀರು ಮತ್ತು ಗಾಳಿ ಹಾಯಿಸಬೇಕು.

ಉಪಕರಣಗಳ ದಾರಿ ಏಕಮುಖವಾಗಿರಬೇಕು: ಕೊಳಕು ಮೇಜಿನಿಂದ ತೊಳೆಯುವ ತೊಟ್ಟಿಗೆ, ಅಲ್ಲಿಂದ ಒಣಗಿಸಿ ಪೌಚಿಗೆ (ಉಪಕರಣ ಮುಚ್ಚಿಡುವ ಕಾಗದದ ಚೀಲ), ಆಟೋಕ್ಲೇವಿಗೆ, ಕಪಾಟಿಗೆ, ಎಲ್ಲಿಯೂ ಹಿಂದಿರುಗುವಂತಿಲ್ಲ. ತೊಳೆಯುವಾಗ ತೆಳು ಗ್ಲೌಸ್ ಸಾಲದು, ದಪ್ಪನೆಯ ರಬ್ಬರ್ ಗ್ಲೌಸ್ ಬೇಕು. ರಕ್ತ ಅಂಟಿದ ಉಪಕರಣಕ್ಕೆ ಮೊದಲೇ ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಬ್ಲೀಚಿಂಗ್ ದ್ರಾವಣದಲ್ಲಿ ನೆನೆಹಾಕಿದರೆ ಸ್ಟೀಲು ಸವೆಯುತ್ತದೆ. ಕೊಳೆ ಉಳಿದ ಜಾಗಕ್ಕೆ ಹಬೆ ತಲುಪುವುದಿಲ್ಲವಾದ್ದರಿಂದ ತೊಳೆಯುವುದರಲ್ಲಿ ಆದ ಲೋಪವನ್ನು ಆಟೋಕ್ಲೇವ್ ಸರಿಪಡಿಸಲಾರದು.

ಆಟೋಕ್ಲೇವ್‌ನ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ: 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಪೌಂಡ್ ಒತ್ತಡದೊಂದಿಗೆ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಸುಮಾರು 30 ಪೌಂಡ್ ಒತ್ತಡದೊಂದಿಗೆ ಕನಿಷ್ಠ 3 ನಿಮಿಷ. ಈ ಲೆಕ್ಕ ಶುರುವಾಗುವುದು ಯಂತ್ರದ ಗುಂಡಿ ಒತ್ತಿದಾಗಿನಿಂದಲ್ಲ, ಒಳಗೆ ಆ ಉಷ್ಣಾಂಶ ಮುಟ್ಟಿದಾಗಿನಿಂದ ಎಂಬುದನ್ನು ಮರೆಯುವವರೇ ಹೆಚ್ಚು. ನಡುವೆ ಕರೆಂಟು ಹೋದರೆ ಉಳಿದ ನಿಮಿಷಗಳನ್ನು ಕೂಡಿಸುವಂತಿಲ್ಲ, ಪೂರ್ತಿ ಆವೃತ್ತಿಯನ್ನು ಮೊದಲಿನಿಂದ ನಡೆಸಬೇಕು. ಬೋರ್‌ವೆಲ್ ನೀರನ್ನು ಹಾಕಿದರೆ ಒಳಗೋಡೆಗೂ ಉಪಕರಣಗಳಿಗೂ ಬಿಳಿ ಉಪ್ಪಿನ ಪದರ ಕಟ್ಟುತ್ತದೆ, ಆದ್ದರಿಂದ ಡಿಸ್ಟಿಲ್ಡ್ ವಾಟರ್ ಬೇಕು. ಕೀಲಿರುವ ಫೋರ್ಸೆಪ್ಸ್ ಬಾಯಿ ತೆರೆದಿರಬೇಕು, ಪೌಚ್‌ಗಳನ್ನು ಒತ್ತೊತ್ತಾಗಿ ತುರುಕಬಾರದು. ಒದ್ದೆಯಾಗಿರುವ ಪೌಚನ್ನು ಹೊರತೆಗೆದು ಮೇಜಿನ ಮೇಲಿಟ್ಟರೆ ಕಾಗದದ ತೇವದ ಮೂಲಕವೇ ಸೂಕ್ಷ್ಮಜೀವಿಗಳು ಒಳಸೇರುತ್ತವೆ. ಪೌಚಿನ ಮೇಲಿನ ಗುರುತು ಬಣ್ಣ ಬದಲಿಸಿದರೆ ಅದಕ್ಕೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಜೀವಾಣುಗಳು ಸತ್ತಿವೆಯೇ ಎಂದು ತಿಳಿಯಲು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳಿರುವ (ಬಿಸಿಯನ್ನು ತಾಳಿಕೊಳ್ಳುವ ಗಟ್ಟಿ ಬೀಜಕಗಳು) ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಬೇಕು. ಪಾತ್ರೆಯಲ್ಲಿ ಕುದಿಸುವುದು ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ.

ಹಲ್ಲಿನ ಸಂಖ್ಯೆಗೆ ಎಫ್‌ಡಿಐ (ವಿಶ್ವ ದಂತ ಒಕ್ಕೂಟ) ಪದ್ಧತಿಯ ಎರಡು ಅಂಕಿಗಳಿವೆ. ಮೊದಲನೆಯದು ಬಾಯಿಯ ಕಾಲುಭಾಗ, ಎರಡನೆಯದು ನಡುಗೆರೆಯಿಂದ ಎಣಿಸಿದ ಹಲ್ಲು. ಶಾಶ್ವತ ಹಲ್ಲುಗಳಿಗೆ ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಹಾಲುಹಲ್ಲುಗಳಿಗೆ ಇದೇ ಕ್ರಮದಲ್ಲಿ 5ರಿಂದ 8. ಎಡಬಲಗಳೆಲ್ಲ ರೋಗಿಯವು, ನಮ್ಮವಲ್ಲ. ವೈದ್ಯರು ‘ಮೂರು ಆರು’ ಎಂದು ಬಿಡಿಬಿಡಿಯಾಗಿ ಹೇಳುತ್ತಾರೆ, ‘ಮೂವತ್ತಾರು’ ಎಂದಲ್ಲ. ಆರು ವರ್ಷದ ಮಗುವಿನ ಕೆಳಗಿನ ಎಡಭಾಗವನ್ನು ಗಮನಿಸಿ: ಕೊನೆಯ ಹಾಲುದವಡೆಹಲ್ಲು 75, ಅದರ ಹಿಂದೆ ಹೊಸದಾಗಿ ಮೂಡಿದ್ದು 36. ಯಾವ ಹಾಲುಹಲ್ಲೂ ಬೀಳದೆ 36 ಮೂಡುವುದರಿಂದ, ‘ಹೇಗಿದ್ದರೂ ಬಿದ್ದುಹೋಗುವ ಹಲ್ಲಲ್ಲವೇ, ಮೇಡಂ?’ ಎಂದು ತಾಯಂದಿರು ಕೇಳುವುದುಂಟು. ಚಾರ್ಟಿನಲ್ಲಿ 36 ಎಂದು ಬರೆಯಬೇಕಾದಲ್ಲಿ 75 ಎಂದು ಬರೆದರೆ ಜೀವಮಾನವಿಡೀ ಉಳಿಯಬೇಕಾದ ಹಲ್ಲು ದಾಖಲೆಯಲ್ಲಿ ಹಾಲುಹಲ್ಲಾಗಿಬಿಡುತ್ತದೆ.

ಕುರ್ಚಿಯ ಪಕ್ಕದ ಕೆಲಸವನ್ನು ಗಡಿಯಾರದ ಮುಖದಂತೆ ಕಲಿಸುತ್ತಾರೆ; ರೋಗಿಯ ತಲೆ 12ರ ಕಡೆಗಿರುತ್ತದೆ. ವೈದ್ಯರು ಬಲಗೈಯವರಾದರೆ ಅವರ ಜಾಗ 7ರಿಂದ 12, ಸಹಾಯಕರದು 2ರಿಂದ 4, ಉಪಕರಣ ದಾಟಿಸುವ ಜಾಗ 4ರಿಂದ 7. ಸಹಾಯಕರ ಕಣ್ಣು ವೈದ್ಯರ ಕಣ್ಣಿಗಿಂತ 10ರಿಂದ 15 ಸೆಂಟಿಮೀಟರ್ ಮೇಲಿರುವಂತೆ ಕೂರಬೇಕು. ಯಾವ ಉಪಕರಣವನ್ನೂ ರೋಗಿಯ ಮುಖದ ಮೇಲಿಂದ ದಾಟಿಸಬಾರದು, ಗದ್ದದ ಕೆಳಗೆ ಎದೆಯ ಮಟ್ಟದಲ್ಲಿ ಕೊಡಬೇಕು. ಎಲೆಅಡಿಕೆ ಹಾಕಿಕೊಂಡೇ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರನ್ನು ಮಲಗಿಸುವ ಮೊದಲೇ ‘ಬಾಯಿ ಚೆನ್ನಾಗಿ ಮುಕ್ಕಳಿಸಿ ಬನ್ನಿ ಯಜಮಾನರೇ’ ಎಂದು ಕಳಿಸುವುದು ಲೇಸು, ಇಲ್ಲದಿದ್ದರೆ ಅಡಿಕೆ ಚೂರುಗಳು ಬಾಯಿಯ ನೀರು ಹೀರುವ ಸಕ್ಷನ್ ತುದಿಗೆ ಸಿಕ್ಕಿಕೊಳ್ಳುತ್ತವೆ.

ಆಲ್ಜಿನೇಟ್ (ನೀರಿನಲ್ಲಿ ಕಲಸಿ ಹಲ್ಲಿನ ಅಚ್ಚು ತೆಗೆಯುವ ಪುಡಿ) ಅಚ್ಚಿನಲ್ಲಿ ನೀರಿನ ಉಷ್ಣಾಂಶವೇ ಮುಖ್ಯ. ನೀರು ಬೆಚ್ಚಗಾದಷ್ಟೂ ಅದು ಬೇಗ ಗಟ್ಟಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರಿನಲ್ಲಿ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಹದ ತಪ್ಪಬಹುದು. 20 ಡಿಗ್ರಿಯ ಆಸುಪಾಸಿನ ನೀರು ಬೇಕು. ತೆಗೆದ ಅಚ್ಚಿನ ಎಂಜಲು ಹೋಗುವಂತೆ ತೊಳೆದು, ಸೋಂಕುನಾಶಕ ಹಾಕಿ, ಹಲ್ಲಿನ ಮಾದರಿ ಮಾಡಲು ತಡಮಾಡದೆ ಜಿಪ್ಸಮ್ ಸುರಿಯಬೇಕು. ಹಾಗೇ ಬಿಟ್ಟರೆ ಅಚ್ಚು ಕುಗ್ಗುತ್ತದೆ, ನೀರಿನಲ್ಲಿ ಮುಳುಗಿಸಿಟ್ಟರೆ ಉಬ್ಬುತ್ತದೆ.

ಎಕ್ಸ್‌ರೇ ವಿಷಯದಲ್ಲಿ ಒಂದು ನಿಯಮವನ್ನು ಎಂದೂ ಸಡಿಲಿಸಬಾರದು: ರೋಗಿಯ ಬಾಯಿಯಲ್ಲಿ ಫಿಲ್ಮನ್ನು ಸಹಾಯಕರು ಕೈಯಿಂದ ಹಿಡಿಯಬಾರದು. ತಡೆಗೋಡೆ ಇಲ್ಲದಿದ್ದರೆ ಕನಿಷ್ಠ 6 ಅಡಿ ದೂರದಲ್ಲಿ, ಕಿರಣದ ದಿಕ್ಕಿಗೆ 90ರಿಂದ 135 ಡಿಗ್ರಿ ಕೋನದೊಳಗೆ ನಿಲ್ಲಬೇಕು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಮತ್ತು ಪ್ಲಾಸ್ಟಿಕ್ ಸಕ್ಷನ್ ತುದಿ ಕೆಂಪಿಗೆ, ಸೂಜಿ ಮತ್ತು ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಹೋಗುತ್ತವೆ. ಅಮಾಲ್ಗಮ್ (ಪಾದರಸ ಬೆರೆತ ಲೋಹಮಿಶ್ರಣ) ತುಂಬಿದ ಹಲ್ಲನ್ನು ಸುಡುವ ತ್ಯಾಜ್ಯಕ್ಕೆ ಸೇರಿಸಿದರೆ ಪಾದರಸ ಆವಿಯಾಗುತ್ತದೆ, ಆದ್ದರಿಂದ ಅದನ್ನು ಬೇರೆ ಇಡಬೇಕು. ಸೂಜಿಯ ಮುಚ್ಚಳವನ್ನು ಎರಡೂ ಕೈಯಿಂದ ಹಾಕಬಾರದು. ಮುಚ್ಚಳವನ್ನು ಟ್ರೇಯಲ್ಲಿ ಮಲಗಿಸಿ ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಬೇಕು. ತರಬೇತಿ ಶುರುವಾಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆಯನ್ನು 0, 1 ಮತ್ತು 6ನೇ ತಿಂಗಳ ಕ್ರಮದಲ್ಲಿ ಆರಂಭಿಸಿರಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ ಸಾಬೂನು ಮತ್ತು ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ವೈದ್ಯರಿಗೆ ತಿಳಿಸಿ, ಯಾವ ರೋಗಿಗೆ ಬಳಸಿದ ಸೂಜಿ ಎಂಬುದನ್ನು ರಿಜಿಸ್ಟರ್‌ನಲ್ಲಿ ಬರೆಸಬೇಕು. ಎಚ್‌ಐವಿ ತಡೆಯುವ ಔಷಧ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಅದನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಬಿಡದೆ ತೆಗೆದುಕೊಳ್ಳಬೇಕು.