ಯಾವುದಕ್ಕೆ ಹೋಲಿಸಿದರೆ? ಪದವಿ ವಿದ್ಯಾರ್ಥಿಗಳ ಅರ್ಥಶಾಸ್ತ್ರ ಸಂಶೋಧನೆ ನಡೆದು ಬಂದ ದಾರಿ

1931ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಒಬ್ಬ ಬಿ.ಕಾಂ ವಿದ್ಯಾರ್ಥಿ ಅಮೆರಿಕಕ್ಕೆ ಹೊರಟ. ವಯಸ್ಸು ಇಪ್ಪತ್ತು. ಪರೀಕ್ಷೆ ಮುಗಿದಿತ್ತು, ಪಾಸೂ ಆಗಿತ್ತು. ಆದರೆ ನಿಯಮದ ಪ್ರಕಾರ ಪದವಿ ಕೈಗೆ ಬರಲು ಇನ್ನೊಂದು ವರ್ಷ ಬಾಕಿಯಿತ್ತು. ಆ ವರ್ಷ ಕಳೆಯಲು ಒಂದು ಪ್ರವಾಸಿ ವಿದ್ಯಾರ್ಥಿವೇತನ ಸಿಕ್ಕಿತು. ಹುಡುಗನ ಹೆಸರು ರೊನಾಲ್ಡ್ ಕೋಸ್. ತಲೆಯಲ್ಲಿದ್ದ ಪ್ರಶ್ನೆ ಚಿಕ್ಕ ಮಕ್ಕಳು ಕೇಳುವಂಥದ್ದು: ಕಂಪನಿಗಳು ಯಾಕಿವೆ?

ನಗು ಬರಬಹುದು. ಆದರೆ ಅದರ ಹಿಂದೆ ಒಂದು ತೊಡಕಿತ್ತು. ಬೆಲೆ ಏರಿಳಿದಂತೆ ಯಾರು ಏನು ಮಾಡಬೇಕು ಅನ್ನೋದು ತಾನಾಗಿ ತೀರ್ಮಾನವಾಗುತ್ತದೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಹಾಗಿದ್ದರೆ ಕಾರ್ಖಾನೆಯೊಳಗೆ ಮ್ಯಾನೇಜರ್ ಯಾಕೆ ಬೇಕು? ಅಲ್ಲಿ ಕೆಲಸಗಾರ ಒಂದು ವಿಭಾಗ ಬಿಟ್ಟು ಇನ್ನೊಂದಕ್ಕೆ ಹೋಗುವುದು ಬೆಲೆ ನೋಡಿ ಅಲ್ಲ. ಮೇಲಿನವರು ‘ಹೋಗು’ ಅಂದರು, ಹೋದ. ಅಷ್ಟೇ.

ಕೋಸ್ ಅಮೆರಿಕದಲ್ಲಿ ತರಗತಿಗಳಲ್ಲಿ ಕೂತದ್ದು ಕಡಿಮೆ. ಕಾರ್ಖಾನೆ, ಕಚೇರಿ ಸುತ್ತಿದ್ದೇ ಜಾಸ್ತಿ. ಯಾವ ಸಾಮಾನನ್ನು ಹೊರಗಿಂದ ಕೊಳ್ಳುತ್ತೀರಿ, ಯಾವುದನ್ನು ಒಳಗೇ ಮಾಡಿಕೊಳ್ಳುತ್ತೀರಿ, ಯಾಕೆ ಎಂದು ವಿಚಾರಿಸಿದ. ಕೊನೆಗೆ ಸಿಕ್ಕ ಉತ್ತರ ಸರಳ. ಮಾರುಕಟ್ಟೆಗೆ ಹೋಗುವುದು ಪುಕ್ಕಟೆ ಅಲ್ಲ. ಮಾರುವವರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಬರೆದುಕೊಳ್ಳಬೇಕು, ಅದು ನಡೆಯುತ್ತದೆಯೇ ಎಂದು ಕಾಯಬೇಕು. ಇಷ್ಟಕ್ಕೆಲ್ಲ ಆಗುವ ಖರ್ಚಿಗಿಂತ ಒಳಗೇ ಮಾಡಿಸುವುದು ಅಗ್ಗವಾದರೆ ಅಲ್ಲೊಂದು ಕಂಪನಿ ಹುಟ್ಟುತ್ತದೆ. ಇದನ್ನು 1932ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ಒಂದು ಪಾಠವಾಗಿ ಹೇಳಿದರು. 1937ರಲ್ಲಿ ಲೇಖನವಾಯಿತು. 1991ರಲ್ಲಿ ನೊಬೆಲ್ ಬಂತು. ಇಪ್ಪತ್ತರ ಪ್ರಾಯದಲ್ಲಿ ಮಾಡಿದ ಕೆಲಸಕ್ಕೆ ಎಂಬತ್ತರಲ್ಲಿ ಹೊಗಳಿಸಿಕೊಳ್ಳುವುದು ವಿಚಿತ್ರ ಅನುಭವ ಎಂದು ಅವರೇ ಹೇಳಿಕೊಂಡರು.

ಎಲ್ಲ ಪದವಿ ವಿದ್ಯಾರ್ಥಿಗಳೂ ಕೋಸ್ ಆಗುವುದಿಲ್ಲ ಬಿಡಿ. ನಾನು ಅವರಿಂದ ಶುರು ಮಾಡಿದ್ದಕ್ಕೆ ಬೇರೆ ಕಾರಣವಿದೆ. ದೊಡ್ಡ ಗಣಿತ ಗೊತ್ತಿಲ್ಲದ ಒಬ್ಬ ಹುಡುಗ ಕಣ್ಣೆದುರಿನ ಸಂಗತಿಯನ್ನು ಹಿಡಿದು ಒಂದೇ ಮಾತು ಕೇಳಿದ: ಯಾವುದಕ್ಕೆ ಹೋಲಿಸಿದರೆ? ಒಳಗಿನ ಖರ್ಚು ಜಾಸ್ತಿಯೋ, ಹೊರಗಿನದೋ? ಪದವಿ ಮಟ್ಟದ ಒಳ್ಳೆಯ ಅರ್ಥಶಾಸ್ತ್ರ ಪ್ರಾಜೆಕ್ಟ್‌ಗಳೆಲ್ಲ ಇವತ್ತಿಗೂ ಈ ಪ್ರಶ್ನೆಯ ಮೇಲೆಯೇ ನಿಲ್ಲುತ್ತವೆ. ಕೆಟ್ಟವು ಬೀಳುವುದೂ ಅಲ್ಲಿಯೇ.

ದಿನನಿತ್ಯದ ಬದುಕು ಅರ್ಥಶಾಸ್ತ್ರಕ್ಕೆ ಹೊಸದೇನಲ್ಲ. 1890ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಇದು ಮನುಷ್ಯರ ಸಾಮಾನ್ಯ ಬದುಕಿನ ವ್ಯವಹಾರವನ್ನು ಓದುವ ಶಾಸ್ತ್ರ ಎಂದಿದ್ದರು. 1932ರಲ್ಲಿ, ಕೋಸ್ ಓದಿದ ಸಂಸ್ಥೆಯಲ್ಲೇ ಇದ್ದ ಲಯನೆಲ್ ರಾಬಿನ್ಸ್ ಬೇಲಿಯನ್ನು ಇನ್ನೂ ಹಿಗ್ಗಿಸಿದರು. ಕೈಯಲ್ಲಿರುವುದು ಕಡಿಮೆ, ಬೇಕಿರುವುದು ಜಾಸ್ತಿ, ಒಂದನ್ನು ಆರಿಸಿದರೆ ಇನ್ನೊಂದು ತಪ್ಪುತ್ತದೆ. ಇಂಥ ಆಯ್ಕೆ ಎಲ್ಲಿದೆಯೋ ಅಲ್ಲೆಲ್ಲ ಅರ್ಥಶಾಸ್ತ್ರ ಇದೆ. ಹಾಗೆ ನೋಡಿದರೆ ಸಮಯವೂ ಬಂತು, ಓದೂ ಬಂತು, ಮದುವೆಯೂ ಬಂತು.

ಆ ಬಾಗಿಲಿನಿಂದ ಧೈರ್ಯವಾಗಿ ನುಗ್ಗಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್. 1957ರಲ್ಲಿ ಅವರು ತಾರತಮ್ಯದ ಅರ್ಥಶಾಸ್ತ್ರದ ಬಗ್ಗೆ ಬರೆದಾಗ ‘ಇದು ನಮ್ಮ ವಿಷಯವೇ ಅಲ್ಲ’ ಅಂದ ಅರ್ಥಶಾಸ್ತ್ರಜ್ಞರು ಬಹಳ. 1960ರ ದಶಕದಲ್ಲಿ ಒಂದು ದಿನ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಯ ಮೌಖಿಕ ಪರೀಕ್ಷೆ ತೆಗೆದುಕೊಳ್ಳಬೇಕಿತ್ತು. ಹೊತ್ತಾಗಿತ್ತು. ಕಾರನ್ನು ದುಡ್ಡು ಕೊಟ್ಟು ಸರಿಯಾದ ಜಾಗದಲ್ಲಿ ನಿಲ್ಲಿಸುವುದೋ, ರಸ್ತೆಯಲ್ಲೇ ನಿಲ್ಲಿಸಿ ದಂಡದ ಅಪಾಯ ಎದುರಿಸುವುದೋ? ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ದಂಡ ಎಷ್ಟು ಎಂದು ಮನಸ್ಸಲ್ಲೇ ಲೆಕ್ಕ ಹಾಕಿ ರಸ್ತೆಯಲ್ಲೇ ನಿಲ್ಲಿಸಿದರು. ದಂಡ ಬೀಳಲಿಲ್ಲ. ದಾರಿಯಲ್ಲೇ ಹೊಳೆಯಿತು: ನಾನು ಲೆಕ್ಕ ಹಾಕಿದ ಹಾಗೆ ಪೊಲೀಸರೂ ಹಾಕಿರುತ್ತಾರೆ ಅಲ್ವಾ? ಪಾಪ, ಒಳಗೆ ಕಾಯುತ್ತಿದ್ದ ವಿದ್ಯಾರ್ಥಿಗೆ ಇದೇ ಮೊದಲ ಪ್ರಶ್ನೆಯಾಯಿತು. 1968ರಲ್ಲಿ ಬೆಕರ್ ಅಪರಾಧ ಮತ್ತು ಶಿಕ್ಷೆಯ ಬಗ್ಗೆ ಬರೆದ ಲೇಖನಕ್ಕೆ ಬೀಜ ಇದು.

ದಂಡದ ಭಯವೇ ಇಲ್ಲದಿದ್ದರೆ? ಅದನ್ನೂ ಮುಂದೆ ಇಬ್ಬರು ನೋಡಿದರು. ನ್ಯೂಯಾರ್ಕ್‌ನಲ್ಲಿರುವ ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಪಾರ್ಕಿಂಗ್ ದಂಡ ಕಟ್ಟಲೇಬೇಕು ಎಂಬ ಬಲವಂತ ಇರಲಿಲ್ಲ. 1997ರಿಂದ 2002ರ ನಡುವೆ ಅವರು ಕಟ್ಟದೆ ಬಿಟ್ಟ ಚೀಟಿಗಳು ಒಂದೂವರೆ ಲಕ್ಷಕ್ಕೂ ಜಾಸ್ತಿ. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರ ಬಾಕಿಯೇ ಹೆಚ್ಚು. ಇದನ್ನು 2007ರಲ್ಲಿ ರೇ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಪ್ರಕಟಿಸಿದರು. ನಗರದವರು ನಂಬರ್ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ಪಡೆದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಸರಿಹೋದರು ಅನ್ನೋದು ಬೇರೆ ಮಾತು.

ಇವೆಲ್ಲ ಪ್ರೊಫೆಸರ್‌ಗಳ ಕಥೆ. ವಿದ್ಯಾರ್ಥಿಗಳ ಕೈಗೆ ಸಂಶೋಧನೆ ಬಂದದ್ದು ಇನ್ನೊಂದು ದಾರಿಯಿಂದ. 1969ರಲ್ಲಿ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ವಿದ್ಯಾರ್ಥಿಗಳಿಗೇ ಒಂದು ಸಂಶೋಧನಾ ಯೋಜನೆ ಶುರು ಮಾಡಿದರು. ಓದುವ ಹುಡುಗ ಹುಡುಗಿಯರು ಪ್ರೊಫೆಸರ್ ಜೊತೆ ಪ್ರಯೋಗಾಲಯದಲ್ಲಿ ನಿಜವಾದ ಕೆಲಸ ಮಾಡಬಹುದು ಅನ್ನೋದು ಅದರ ತಿರುಳು. ಆದರೆ ಇದು ಮೊದಲು ಬೇರೂರಿದ್ದು ವಿಜ್ಞಾನದಲ್ಲಿ. ಪ್ರಯೋಗಾಲಯದಲ್ಲಿ ಹತ್ತು ಕೈಗಳಿಗೆ ಕೆಲಸವಿರುತ್ತದೆ. ಅರ್ಥಶಾಸ್ತ್ರದ ಪ್ರೊಫೆಸರ್‌ಗೆ ತೊಳೆಸಲು ಗಾಜಿನ ನಳಿಕೆ ಎಲ್ಲಿದೆ? ಅಂಕಿಅಂಶ ಇದ್ದದ್ದು ಸರ್ಕಾರಿ ವರದಿಗಳ ದಪ್ಪ ಸಂಪುಟಗಳಲ್ಲಿ, ಲೆಕ್ಕ ಹಾಕುವ ಯಂತ್ರ ಇದ್ದದ್ದು ಎಲ್ಲೋ ಒಂದು ಬೀಗ ಹಾಕಿದ ಕೋಣೆಯಲ್ಲಿ. ಕಂಪ್ಯೂಟರ್ ಮೇಜಿನ ಮೇಲೆ ಬಂದು, ಅಂಕಿಅಂಶ ಇಂಟರ್ನೆಟ್‌ಗೆ ಬಂದ ಮೇಲೆ ಈ ನೆಪ ಹೋಯಿತು.

ಪಠ್ಯ ಮಾತ್ರ ಬದಲಾಗಲಿಲ್ಲ. ಅದಕ್ಕೆ ಜಗಳ ತೆಗೆದವರು ವಿದ್ಯಾರ್ಥಿಗಳೇ. 2000ದಲ್ಲಿ ಪ್ಯಾರಿಸ್‌ನ ಅರ್ಥಶಾಸ್ತ್ರ ವಿದ್ಯಾರ್ಥಿಗಳು ಬಹಿರಂಗ ಪತ್ರ ಬರೆದರು: ನಮಗೆ ಕಾಲ್ಪನಿಕ ಲೋಕದ ಗಣಿತ ಸಾಕು, ಇರುವ ಲೋಕದ ಬಗ್ಗೆ ಹೇಳಿ. 2008ರ ಜಾಗತಿಕ ಆರ್ಥಿಕ ಕುಸಿತ ಆ ದೂರಿಗೆ ಬಲ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಂದಿದ್ದ ಬ್ರಿಟನ್ ರಾಣಿ ಎಲಿಜಬೆತ್, ಇದು ಯಾರಿಗೂ ಯಾಕೆ ಕಾಣಲಿಲ್ಲ ಎಂದು ಕೇಳಿದ್ದು ಸುದ್ದಿಯಾಯಿತು. 2011ರಲ್ಲಿ ಹಾರ್ವರ್ಡ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಅರ್ಥಶಾಸ್ತ್ರದ ಆರಂಭಿಕ ಪಾಠದಿಂದ ಎದ್ದು ಹೊರನಡೆದರು. 2012ರಲ್ಲಿ ಮ್ಯಾಂಚೆಸ್ಟರ್‌ನ ವಿದ್ಯಾರ್ಥಿಗಳು ಪಾಠಕ್ರಮ ಬದಲಿಸಿ ಎಂದು ಸಂಘ ಕಟ್ಟಿದರು. ಎಲ್ಲ ಬೇಡಿಕೆಗಳೂ ಈಡೇರಲಿಲ್ಲ. ಆದರೆ ಮೊದಲ ವರ್ಷದ ಪಾಠವನ್ನು ಅಸಮಾನತೆ, ಹವಾಮಾನ, ನಿರುದ್ಯೋಗದಿಂದ ಶುರು ಮಾಡುವ ಉಚಿತ ಪಠ್ಯಗಳು ಬಂದವು. ಪ್ರಾಜೆಕ್ಟ್ ವಿಷಯಗಳೂ ಬಸ್ ದರ, ನೀರಿನ ಬಿಲ್, ಕಸ ವಿಲೇವಾರಿ, ಪರೀಕ್ಷೆಯ ಅಂಕಗಳ ಕಡೆ ತಿರುಗಿದವು.

ಈಗ ತೊಡಕಿನ ಭಾಗಕ್ಕೆ ಬರೋಣ. ವಿಷಯ ಹತ್ತಿರದ್ದಾದರೆ ಉತ್ತರವೂ ಸುಲಭ ಅನ್ನಿಸುತ್ತದೆ. ಹಾಜರಾತಿಯನ್ನೇ ತೆಗೆದುಕೊಳ್ಳಿ. 1993ರಲ್ಲಿ ಡೇವಿಡ್ ರೋಮರ್ ಅಮೆರಿಕದ ಕಾಲೇಜುಗಳ ಅರ್ಥಶಾಸ್ತ್ರ ತರಗತಿಗಳಲ್ಲಿ ಎಷ್ಟು ಜನ ಕೂತಿರುತ್ತಾರೆ ಎಂದು ಎಣಿಸಿದರು. ಸುಮಾರು ಮೂರನೇ ಒಂದು ಭಾಗ ಗೈರು. ತಪ್ಪದೆ ಬಂದವರಿಗೆ ಅಂಕ ಜಾಸ್ತಿ. ಹಾಗಾದರೆ ಹಾಜರಾತಿ ಕಡ್ಡಾಯ ಮಾಡಿದರೆ ಎಲ್ಲರ ಅಂಕವೂ ಏರುತ್ತದೆಯೇ?

ಅವಸರ ಬೇಡ. ತಪ್ಪದೆ ಬರುವವರು ಮನೆಯಲ್ಲೂ ಓದುವವರೇ ಇರಬಹುದು. ಗೈರಾಗುವವರಲ್ಲಿ ಕೆಲವರು ಸಂಜೆ ದುಡಿದು ಸುಸ್ತಾದವರಿರಬಹುದು. ಅಂಕ ಕೊಟ್ಟಿದ್ದು ತರಗತಿಯೋ, ಶ್ರದ್ಧೆಯೋ? ರೋಮರ್‌ಗೂ ಈ ಅನುಮಾನ ಇತ್ತು. ಬಂದವರನ್ನು ಬಾರದವರಿಗೆ ಹೋಲಿಸಿದರೆ ಇದು ಬಿಡಿಸಿಕೊಳ್ಳುವುದಿಲ್ಲ. ಯಾಕೆಂದರೆ ಅವರು ಮೊದಲಿಂದಲೇ ಬೇರೆ ಥರದವರು.

2010ರಲ್ಲಿ ಕಾರ್ಲೋಸ್ ಡಾಬ್ಕಿನ್ ಮತ್ತು ಜೊತೆಗಾರರು ಪ್ರಕಟಿಸಿದ ಕೆಲಸ ಇಲ್ಲಿ ನನಗೆ ತುಂಬ ಇಷ್ಟ. ಅವರ ಕಾಲೇಜಿನ ಕೆಲವು ತರಗತಿಗಳಲ್ಲಿ ಒಂದು ನಿಯಮ ಮಾಡಿದರು. ನಡುವಿನ ಪರೀಕ್ಷೆಯಲ್ಲಿ ತರಗತಿಯ ಮಧ್ಯದ ಅಂಕಕ್ಕಿಂತ ಕಡಿಮೆ ಬಂದವರಿಗೆ ಹಾಜರಾತಿ ಕಡ್ಡಾಯ, ಮೇಲಿದ್ದವರಿಗೆ ಅವರಿಷ್ಟ. ಈಗ ಗೆರೆಗಿಂತ ಒಂದೇ ಅಂಕ ಕೆಳಗಿರುವ ಹುಡುಗಿಯನ್ನೂ ಒಂದೇ ಅಂಕ ಮೇಲಿರುವ ಹುಡುಗಿಯನ್ನೂ ನೋಡಿ. ಇಬ್ಬರ ಜಾಣತನ, ಶ್ರದ್ಧೆ ಹೆಚ್ಚುಕಡಿಮೆ ಒಂದೇ. ಬೇರೆ ಇರುವುದು ಒಂದೇ: ಒಬ್ಬಳು ತರಗತಿಗೆ ಬರಲೇಬೇಕು. ಕೊನೆಯ ಪರೀಕ್ಷೆಯಲ್ಲಿ ಬರಲೇಬೇಕಾದವರು ಮುಂದೆ ಹೋದರು. ಅಂದರೆ ತರಗತಿಯಲ್ಲಿ ಕೂರುವುದಕ್ಕೆ ಅದರದೇ ಬೆಲೆ ಇದೆ. ಬೇಜಾರಿನ ಸುದ್ದಿ, ಗೊತ್ತು.

ಈ ಜಾಣ್ಮೆ ಅರ್ಥಶಾಸ್ತ್ರದ ಸ್ವಂತ ಆಸ್ತಿಯಲ್ಲ. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಇದನ್ನೇ ಮಾಡಿದ್ದರು. ಒಂದೇ ಪ್ರದೇಶದ ಮನೆಗಳಿಗೆ ಎರಡು ಕಂಪನಿಗಳ ನೀರು ಬರುತ್ತಿತ್ತು. ಒಂದು ಕಂಪನಿ ಥೇಮ್ಸ್ ನದಿಯ ಕೊಳಕು ಭಾಗದಿಂದ ನೀರೆತ್ತುತ್ತಿತ್ತು. ಇನ್ನೊಂದು ಸ್ವಲ್ಪ ಮುಂಚೆ ಮೇಲ್ಭಾಗಕ್ಕೆ ಹೋಗಿತ್ತು. ಮೊದಲನೆಯದರಲ್ಲಿ 10,000 ಮನೆಗಳಿಗೆ 315 ಸಾವು. ಎರಡನೆಯದರಲ್ಲಿ 37. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಇದೇ ಬಗೆಯ ಹೋಲಿಕೆ ಹಿಡಿದರು. ಅಲ್ಲಿಯ ಮತ್ತು ವೇತನ ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ಕೂಲಿ ಏರಿದರೆ ಕೆಲಸ ಹೋಗುತ್ತದೆ ಎಂದು ಪಠ್ಯ ಹೇಳುತ್ತಿತ್ತು. ಇಲ್ಲಿ ಹಾಗೆ ಕಾಣಲಿಲ್ಲ. ದೊಡ್ಡ ಜಗಳವೇ ಆಯಿತು, ಇನ್ನೂ ಪೂರ್ತಿ ಆರಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಇಂಥ ಕೆಲಸಕ್ಕೆ ಬೇಕಾದದ್ದು ಫೋನು, ಪ್ರಶ್ನೆಗಳ ಪಟ್ಟಿ, ತಾಳ್ಮೆ. ಪದವಿ ವಿದ್ಯಾರ್ಥಿ ಮಾಡಲಾರದ್ದು ಅದರಲ್ಲಿ ಬಹಳ ಕಡಿಮೆ. ಆದರೂ ಎಷ್ಟೋ ಪ್ರಾಜೆಕ್ಟ್‌ಗಳು ಒಂದೇ ಜಾಡಿಗೆ ಬೀಳುತ್ತವೆ. ಗೂಗಲ್ ಫಾರ್ಮ್ ಮಾಡುವುದು, ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು, ಬಂದ ಉತ್ತರಗಳಿಗೆ ಬಣ್ಣಬಣ್ಣದ ಚಿತ್ರ ಬರೆಯುವುದು. ತುಂಬಿಸಿದವರು ಯಾರು, ತುಂಬಿಸದೆ ಬಿಟ್ಟವರು ಯಾರು ಎಂದು ಕೇಳುವುದೇ ಇಲ್ಲ. ಸಂಖ್ಯೆ ದೊಡ್ಡದಾದರೆ ಸಾಕು ಅನ್ನುವಂತೆಯೂ ಇಲ್ಲ. 1936ರ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಒಂದು ಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರ ಸೇರಿಸಿ ತಪ್ಪು ಗೆಲುವು ಹೇಳಿತ್ತು. ಫೋನು, ಕಾರು ಇದ್ದವರ ಪಟ್ಟಿಗಳಿಂದ ವಿಳಾಸ ತೆಗೆದಿದ್ದರು, ಉತ್ತರ ಕಳಿಸುವ ಉತ್ಸಾಹ ಇದ್ದವರೂ ಒಂದು ಕಡೆಯವರೇ ಜಾಸ್ತಿ.

ಲೆಕ್ಕವನ್ನು ಮತ್ತೆ ನೋಡುವುದೂ ಒಂದು ಸಂಶೋಧನೆಯೇ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ದೇಶದ ಸಾಲ ಒಟ್ಟು ಉತ್ಪನ್ನದ ಶೇಕಡ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ತೋರಿಸಿದ್ದರು. ಸರ್ಕಾರಗಳು ಖರ್ಚು ಕಡಿತಕ್ಕೆ ಇದನ್ನು ಮುಂದಿಟ್ಟವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯ ಮನೆಗೆಲಸವಾಗಿ ಒಂದು ಪ್ರಕಟಿತ ಲೇಖನದ ಲೆಕ್ಕ ಮತ್ತೆ ಮಾಡಬೇಕಿತ್ತು. ಅವರು ಪಿಎಚ್‌.ಡಿ ವಿದ್ಯಾರ್ಥಿ, ಪದವಿಯವರಲ್ಲ, ನಿಜ. ಆದರೆ ಮಾಡಿದ್ದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಉತ್ತರ ತಾಳೆಯಾಗಲಿಲ್ಲ. ಮೂಲ ಎಕ್ಸೆಲ್ ಕಡತವನ್ನೇ ಕೇಳಿ ತರಿಸಿಕೊಂಡರು. ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಆಯ್ಕೆಯಿಂದ ಬಿಟ್ಟುಹೋಗಿದ್ದವು. ಕೆಲವು ವರ್ಷಗಳ ಅಂಕಿ ಸೇರಿರಲಿಲ್ಲ, ಸರಾಸರಿಯಲ್ಲಿ ಯಾವ ದೇಶಕ್ಕೆ ಎಷ್ಟು ತೂಕ ಕೊಟ್ಟರು ಎಂಬ ಬಗ್ಗೆಯೂ ತಕರಾರಿತ್ತು. ಎಲ್ಲ ಸರಿಮಾಡಿದಾಗ ಹೆಚ್ಚು ಸಾಲದ ದೇಶಗಳ ಸರಾಸರಿ ಬೆಳವಣಿಗೆ ಶೇಕಡ ಮೈನಸ್ 0.1ರ ಬದಲು 2.2 ಬಂತು. 2013ರಲ್ಲಿ ಇದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ವಿದ್ಯಾರ್ಥಿಗಳ ಕೆಲಸಕ್ಕೆ ಇನ್ನೊಂದು ಗುಣವಿದೆ. ಅದು ಬರೆದವರ ಕಾಲದಲ್ಲಿ ಕಾಣುವುದಿಲ್ಲ. ಗಿಲ್ಬರ್ಟ್ ಸ್ಲೇಟರ್ 1915ರ ಕೊನೆಗೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಮೊದಲ ಪ್ರೊಫೆಸರ್ ಆಗಿ ಬಂದರು. ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು ಕಳಿಸಿದರು. ಜಮೀನು ಯಾರದ್ದು, ಯಾವ ಬೆಳೆ, ಕೂಲಿ ಎಷ್ಟು, ಸಾಲ ಎಷ್ಟು, ಬರೆದುಕೊಂಡು ಬನ್ನಿ. ಅವರು ಬರೆದದ್ದು 1918ರಲ್ಲಿ ಪುಸ್ತಕವಾಯಿತು. ಹಲವು ಕಡೆ ಅದು ಒರಟು, ಲೆಕ್ಕಗಳು ಅರೆಬರೆ. ಸಿದ್ಧಾಂತದ ಸೊಗಸೂ ಇಲ್ಲ.

ಆದರೆ 1930ರ ದಶಕದಲ್ಲಿ ಇನ್ನೊಂದು ತಂಡ ಅದೇ ಹಳ್ಳಿಗಳಿಗೆ ಹೋಯಿತು. ದಶಕಗಳ ನಂತರ ಮತ್ತೆ ಬೇರೆಯವರು ಹೋದರು. ಅವುಗಳಲ್ಲೊಂದಾದ, ತಮಿಳುನಾಡಿನ ಇರುವೆಲ್‌ಪಟ್ಟು ಎಂಬ ಹಳ್ಳಿಗೆ 2008ರಲ್ಲೂ ಸಂಶೋಧಕರು ಬಂದಿದ್ದರು. ಕೃಷಿ ಬಿಟ್ಟವರು ಎಷ್ಟು, ಜಮೀನು ಯಾರ ಕೈಗೆ ಹೋಯಿತು, ಕೂಲಿ ಎಷ್ಟಾಯಿತು ಎಂದು ಅವರು ಕೇಳುವಾಗ, ಯಾವುದಕ್ಕೆ ಹೋಲಿಸಿದರೆ ಅನ್ನುವುದಕ್ಕೆ ಅವರ ಬಳಿ 1916ರ ರಜೆಯಲ್ಲಿ ಬರೆದ ಹಾಳೆಗಳಿದ್ದವು.