ಜೊತೆಗಿದ್ದರೆ ಸಾಲದು, ಅಚ್ಚರಿಯೂ ಬೇಕು

ಪಾವ್ಲೋವ್‌ ಅವರ ನಾಯಿಯ ಕಥೆ (ಊಟಕ್ಕೆ ಮುನ್ನ ಸದ್ದು ಕೇಳಿಸುತ್ತಾ ಹೋದರೆ ನಾಯಿ ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸುತ್ತದೆ) ಕೇಳಿದ ಬಹುತೇಕರು ಅದರಿಂದ ಒಂದೇ ಪಾಠ ಕಲಿತಿರುತ್ತಾರೆ: ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಘಟಿಸಿದರೆ ಸಾಕು, ಪ್ರಾಣಿಯ ಮನಸ್ಸಿನಲ್ಲಿ ಅವುಗಳ ನಡುವೆ ನಂಟು ಬೆಳೆದುಬಿಡುತ್ತದೆ. ಈ ತಿಳಿವಳಿಕೆ ಬಿದ್ದುಹೋಗಿ ಅರ್ಧ ಶತಮಾನವೇ ಕಳೆದಿದ್ದರೂ ಅದನ್ನು ಇಂದಿಗೂ ಒಪ್ಪಿಸುತ್ತಲೇ ಇದ್ದೇವೆ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಲಿಯಾನ್ ಕಾಮಿನ್ 1960ರ ದಶಕದಲ್ಲಿ ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಆಹಾರಕ್ಕಾಗಿ ಸನ್ನೆಗೋಲನ್ನು ಒತ್ತುತ್ತಿದ್ದ ಇಲಿಗಳಿಗೆ ಮೊದಲು ಮೂರು ನಿಮಿಷ ಸದ್ದು, ಅದರ ಕೊನೆಗೆ ಅರ್ಧ ಸೆಕೆಂಡಿನ ವಿದ್ಯುತ್ ಆಘಾತ. ಹೀಗೆ 16 ಬಾರಿ. ಬಳಿಕ 8 ಬಾರಿ ಅದೇ ಸದ್ದಿನೊಂದಿಗೆ ಬೆಳಕನ್ನೂ ಸೇರಿಸಿ ಆಘಾತ ಕೊಟ್ಟರು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಮೊದಲ ಹಂತವಿಲ್ಲದೆ ಈ ಜೋಡಿಯನ್ನಷ್ಟೇ 8 ಬಾರಿ ಕೊಟ್ಟರು. ಹೆದರಿದ ಇಲಿ ಸನ್ನೆಗೋಲು ಒತ್ತುವುದನ್ನು ನಿಲ್ಲಿಸುತ್ತದೆಯಾದ್ದರಿಂದ ಭಯವನ್ನು ಅಂಕಿಯಲ್ಲಿ ಹೇಳಬಹುದು: 0 ಎಂದರೆ ಪೂರ್ತಿ ಸ್ತಬ್ಧ, 0.5 ಎಂದರೆ ಭಯವೇ ಇಲ್ಲ. ಬೆಳಕನ್ನಷ್ಟೇ ತೋರಿಸಿದಾಗ, ಆರಂಭದಿಂದಲೂ ಜೋಡಿಯನ್ನೇ ಕಂಡಿದ್ದ ಇಲಿಗಳ ಅಂಕಿ 0.05ಕ್ಕೆ ಇಳಿಯಿತು, ಸದ್ದನ್ನು ಮೊದಲೇ ಕಲಿತಿದ್ದವುಗಳದು 0.45ರಲ್ಲೇ ನಿಂತಿತು. ಎರಡೂ ಗುಂಪುಗಳು ಬೆಳಕು ಮತ್ತು ಆಘಾತವನ್ನು ಒಟ್ಟಿಗೆ ಕಂಡದ್ದು 8 ಬಾರಿಯೇ. ಆದರೆ ಸದ್ದನ್ನು ಮೊದಲೇ ಕಲಿತಿದ್ದ ಗುಂಪಿಗೆ ಬೆಳಕು ಹೊಸದೇನನ್ನೂ ತಿಳಿಸಿರಲಿಲ್ಲ, ಏಕೆಂದರೆ ಆಘಾತ ಬರುತ್ತದೆಂದು ಸದ್ದು ಆಗಲೇ ಹೇಳಿಬಿಟ್ಟಿತ್ತು. ಇದಕ್ಕೆ ಬ್ಲಾಕಿಂಗ್ (ತಡೆ) ಎಂದು ಹೆಸರು. ಬೆಳಕು ಸೇರಿದ ಹಂತದಲ್ಲಿ ಆಘಾತವನ್ನು 1ರಿಂದ 4 ಮಿಲಿಆಂಪಿಯರ್‌ಗೆ ಏರಿಸಿ ಇಲಿಗಳನ್ನು ಚಕಿತಗೊಳಿಸಿದಾಗ ಮಾತ್ರ ಅವು ಬೆಳಕಿಗೂ ಹೆದರತೊಡಗಿದವು.

ಮನೋವಿಜ್ಞಾನಿಗಳಾದ ರಾಬರ್ಟ್ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ 1972ರಲ್ಲಿ ಇದನ್ನು ಒಂದು ಸಮೀಕರಣವಾಗಿಸಿದರು. ಅದರ ಜೀವಾಳವೆಂದರೆ, ಪ್ರಾಣಿ ಎದುರಿಗಿರುವ ಎಲ್ಲ ಸೂಚನೆಗಳು (ಸದ್ದು, ಬೆಳಕಿನಂಥವು) ಹುಟ್ಟಿಸುವ ನಿರೀಕ್ಷೆಯನ್ನು ಕೂಡಿಸುತ್ತದೆ. ದೊರೆತದ್ದಕ್ಕೂ ಆ ಮೊತ್ತಕ್ಕೂ ಇರುವ ಅಂತರಕ್ಕೆ ತಕ್ಕಷ್ಟೇ ಕಲಿಕೆ ನಡೆಯುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ನಲ್ಲಿ ತಿರುಗಿಸಿದರೆ ನೀರು ಹೆಚ್ಚುವುದಿಲ್ಲವಲ್ಲ, ಬ್ಲಾಕಿಂಗ್ ಕೂಡ ಅಷ್ಟೇ. ನನಗೆ ಇದಕ್ಕಿಂತ ಹಿಡಿಸುವುದು ಈ ಲೆಕ್ಕದಿಂದ ಹೊರಬೀಳುವ ಒಂದು ವಿಚಿತ್ರ ಭವಿಷ್ಯವಾಣಿ. ಒಂದು ಆಘಾತದ ಪೂರ್ಣ ನಿರೀಕ್ಷೆಯನ್ನು 100 ಎಂದುಕೊಳ್ಳಿ. ಸದ್ದು ಮತ್ತು ಬೆಳಕು ಎರಡನ್ನೂ ಬೇರೆ ಬೇರೆಯಾಗಿ 100ರಷ್ಟು ಕಲಿಸಿ, ಆಮೇಲೆ ಜೋಡಿಸಿ ಅದೇ ಹಳೆಯ ಆಘಾತವನ್ನು ಕೊಡಿ. ಇಲಿ 200 ನಿರೀಕ್ಷಿಸುತ್ತದೆ, ಸಿಗುವುದು 100. ಹಾಗಾಗಿ ಪ್ರತಿ ಬಾರಿಯೂ ಆಘಾತ ತಪ್ಪದೆ ಬರುತ್ತಿದ್ದರೂ ಎರಡೂ ಸೂಚನೆಗಳ ಮೇಲಿನ ಭಯ ಕುಗ್ಗಬೇಕು. ಪ್ರಯೋಗದಲ್ಲಿ ಹಾಗೆಯೇ ಆಯಿತು.

ಮನುಷ್ಯರ ಕಾರಣ-ಪರಿಣಾಮದ ತೀರ್ಮಾನಗಳಲ್ಲೂ ಬ್ಲಾಕಿಂಗ್ ಕಂಡುಬಂದಿದೆ. ತಾಯತದಿಂದಲೇ ಜ್ವರ ಬಿಡುತ್ತದೆಂದು ಮೊದಲೇ ನಂಬಿದವರು, ಆಮೇಲೆ ಜೊತೆಗೆ ನುಂಗಿದ ಮಾತ್ರೆಗೆ ಏನೂ ಶ್ರೇಯ ಕೊಡದಿರುವುದನ್ನು ಬರೀ ಹಟವೆಂದು ತಳ್ಳಿಹಾಕುವ ಮುನ್ನ ಇದನ್ನು ಗಮನಿಸಬೇಕು.

ಆದರೂ ಕೂಡಿಸುವ ಲೆಕ್ಕ ಒಂದೆಡೆ ಮುಗ್ಗರಿಸುತ್ತದೆ. ಸದ್ದಿಗೊಮ್ಮೆ, ಬೆಳಕಿಗೊಮ್ಮೆ ಆಹಾರ ಕೊಟ್ಟು, ಎರಡೂ ಸೇರಿದಾಗ ಕೊಡದಿದ್ದರೆ ಪ್ರಾಣಿಗಳು ಅದನ್ನೂ ಕಲಿಯುತ್ತವೆ. ಬರೀ ಮೊತ್ತದ ಪ್ರಕಾರ ಜೋಡಿಗೇ ಹೆಚ್ಚು ನಿರೀಕ್ಷೆ ಇರಬೇಕಿತ್ತು. ಜೋಡಿಯನ್ನು ಪ್ರಾಣಿ ಬಿಡಿಭಾಗಗಳ ಮೊತ್ತವಾಗಿ ನೋಡದೆ, ಆ ಭಾಗಗಳನ್ನು ತಕ್ಕಮಟ್ಟಿಗೆ ಹೋಲುವ ಇಡಿಯಾದ ಬೇರೆಯದೇ ಸೂಚನೆಯಾಗಿ ಗ್ರಹಿಸುತ್ತದೆಂದು ಮನೋವಿಜ್ಞಾನಿ ಜಾನ್ ಪಿಯರ್ಸ್ 1987ರಲ್ಲಿ ಮಂಡಿಸಿದ ವಾದ ಈ ತೊಡಕನ್ನು ಬಿಡಿಸುತ್ತದೆ.